ಇಪ್ಪತ್ತಕ್ಕೆ ಬರುವುದೋ, ವಾರಂಟ್ ಆಫೀಸರ್ ಆಗಿ ಬರುವುದೋ?

ಪ್ರಶ್ನೆ: ನಮ್ಮದು ಹೊಸಕೋಟೆ ತಾಲ್ಲೂಕಿನ ಅನುಗೊಂಡನಹಳ್ಳಿ. ನಮ್ಮ ಯಜಮಾನರು ವಾಯುಪಡೆಯಲ್ಲಿ ಸಾರ್ಜೆಂಟ್. ಪಿಯುಸಿ ಮುಗಿಸಿದ ಮೇಲೆ ಸೇರಿದವರು, ವಿಮಾನದ ಎಂಜಿನ್ ಕೆಲಸ. ಈಗ ಪಂಜಾಬಿನ ಆದಂಪುರದಲ್ಲಿದ್ದಾರೆ. ಬರುವ ವರ್ಷಕ್ಕೆ ಇಪ್ಪತ್ತು ವರ್ಷ ಸರ್ವಿಸ್ ತುಂಬುತ್ತದೆ. ಮದುವೆಯಾದ ಹೊಸದರಲ್ಲಿ ನಾನೂ ಅವರ ಜೊತೆ ಕ್ವಾರ್ಟರ್ಸ್‌ನಲ್ಲಿದ್ದೆ. ಮಾವ ತೀರಿಕೊಂಡ ಮೇಲೆ ಅತ್ತೆಯನ್ನು ನೋಡಿಕೊಳ್ಳಲು ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದೆ. ಮಗಳು ಒಂಬತ್ತನೇ ಕ್ಲಾಸು, ಮಗ ಐದನೇದು. ಅತ್ತೆಗೆ ಶುಗರ್, ಕಣ್ಣಿಗೆ ಪೊರೆ ಬಂದಿದೆ.

ಇಪ್ಪತ್ತು ವರ್ಷ ಆಗಲಿ, ಬಂದುಬಿಡುತ್ತೇನೆ ಎಂದು ಅವರೇ ಹೇಳುತ್ತಿದ್ದರು. ನಾನು ಅದನ್ನೇ ನಂಬಿಕೊಂಡು ದಿನ ತಳ್ಳಿದೆ. ಹೋದ ಸಲ ರಜೆಗೆ ಬಂದಾಗ ಮಾತು ಬದಲಾಯಿತು. ಇನ್ನಷ್ಟು ವರ್ಷಕ್ಕೆ ಸೈನ್ ಮಾಡಿದರೆ ಜೂನಿಯರ್ ವಾರಂಟ್ ಆಫೀಸರ್ ಆಗುತ್ತೇನೆ, ಈಗ ಬಿಟ್ಟರೆ ಸಾರ್ಜೆಂಟ್ ಆಗಿಯೇ ಮನೆಗೆ ಬರಬೇಕು ಎನ್ನುತ್ತಾರೆ. ಅವರ ಸೀನಿಯರ್ ಒಬ್ಬರು, ಮಾಲೂರು ಕಡೆಯವರು, ಇಪ್ಪತ್ತಕ್ಕೇ ಬಿಟ್ಟು ಬಂದು ಬ್ಯಾಂಕಿಗೆ ಸೇರಿದ್ದಾರೆ. ಅವರಿಗೆ ಪಿಂಚಣಿಯೂ ಉಂಟು, ಸಂಬಳವೂ ಉಂಟು, ಸಂಜೆಗೆ ಮನೆಯೂ ಉಂಟು.

ಇದರ ಜೊತೆಗೆ ಜಮೀನಿನ ತಲೆನೋವು. ಒಂದೂವರೆ ಎಕರೆ ಇನ್ನೂ ಮಾವನ ಹೆಸರಿನಲ್ಲೇ ಇದೆ. ಲೇಔಟ್ ಮಾಡುವವರು ವಾರಕ್ಕೊಬ್ಬರು ಬರುತ್ತಾರೆ. ಮೈದುನ ಕೊಟ್ಟುಬಿಡೋಣ ಎನ್ನುತ್ತಾನೆ, ಅತ್ತೆ ಅಳುತ್ತಾರೆ, ಲೇಔಟಿನವರು ಪೇಪರು ತಂದು ನನ್ನ ಮುಂದೆ ಇಡುತ್ತಾರೆ. ಬಂದುಬಿಡಿ ಎಂದರೆ ಯಜಮಾನರ ಮುಖ ಸಣ್ಣದಾಗುತ್ತದೆ. ನಾನು ಸ್ವಾರ್ಥಿಯೇ? ಮೈದುನನ ಮಗ ಬೇರೆ, ದೊಡ್ಡಪ್ಪನ ಹಾಗೆ ಏರ್‌ಫೋರ್ಸಿಗೆ ಹೋಗುತ್ತೇನೆ ಎಂದು ಕೂತಿದ್ದಾನೆ. ಅವನಿಗೇನು ಹೇಳಲಿ?
– ಹೆಸರು ಬೇಡ, ಅನುಗೊಂಡನಹಳ್ಳಿ

ಉತ್ತರ: ಇಲ್ಲಮ್ಮ, ನೀವು ಸ್ವಾರ್ಥಿಯಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನ ಲೆಕ್ಕಗಳನ್ನು ನೀವು ಅಳುಕಿಲ್ಲದೆ ಓದಬೇಕು. ಅತ್ತೆಯ ಔಷಧಿ, ಮಕ್ಕಳ ಸ್ಕೂಲು, ಹೊಲದ ಗೊಡವೆ ಎಲ್ಲವನ್ನೂ ನೀವು ಇಲ್ಲಿ ಹೊತ್ತುಕೊಂಡಿದ್ದಕ್ಕೇ ಅವರು ಅಲ್ಲಿ ನಿಶ್ಚಿಂತೆಯಾಗಿ ಎಂಜಿನ್ ಬಿಚ್ಚಿ ಜೋಡಿಸುತ್ತಿದ್ದಾರೆ. ಆ ಸರ್ವಿಸ್‌ನಲ್ಲಿ ನಿಮ್ಮ ಪಾಲೂ ಇದೆ. ಮುಂದಿನ ಸೈನ್ ಅವರೊಬ್ಬರ ಕೈಬರಹವಾದರೂ ತೀರ್ಮಾನ ಇಬ್ಬರದು. ಆದರೆ ಅವರ ಮುಖ ಸಣ್ಣದಾಗುವುದಕ್ಕೂ ಕಾರಣವಿದೆ. ಅದನ್ನು ತಿಳಿಯದೆ ಮಾತಿಗೆ ಕೂತರೆ ಇಬ್ಬರೂ ಬೇರೆ ಬೇರೆ ವಿಷಯಕ್ಕೆ ಜಗಳವಾಡಿ ಏಳುತ್ತೀರಿ.

ವಾಯುಪಡೆಗೆ ಏರ್‌ಮನ್ ಆಗಿ ಸೇರುವ ಹುಡುಗ ಮೊದಲು ಹೋಗುವುದು ಬೆಳಗಾವಿಯ ಸಾಂಬ್ರಾದ ಏರ್‌ಮೆನ್ ಟ್ರೈನಿಂಗ್ ಸ್ಕೂಲಿಗೆ. ಪರೇಡು, ರೈಫಲ್ಲು, ಶಿಸ್ತು ಅಲ್ಲಿ. ಆಮೇಲೆ ಕೈಗೆ ಕಸುಬು ಹತ್ತಿಸುವ ಟ್ರೇಡ್ ಟ್ರೈನಿಂಗ್: ಎಲೆಕ್ಟ್ರಾನಿಕ್ಸ್, ಸಂಪರ್ಕ ವಿಭಾಗದವರಿಗೆ ನಮ್ಮ ಜಾಲಹಳ್ಳಿ, ಮೆಕ್ಯಾನಿಕಲ್ ಟ್ರೇಡಿನವರಿಗೆ ಚೆನ್ನೈ ಪಕ್ಕದ ತಾಂಬರಂ. ಅಲ್ಲಿಂದ ಸ್ಕ್ವಾಡ್ರನ್ನಿಗೆ. ಮುಂದಿನ ಮೆಟ್ಟಿಲುಗಳು ಲೀಡಿಂಗ್ ಏರ್‌ಕ್ರಾಫ್ಟ್ಸ್‌ಮನ್, ಕಾರ್ಪೊರಲ್, ಸಾರ್ಜೆಂಟ್. ಪರೀಕ್ಷೆ ಪಾಸಾಗಿ, ನಡತೆ ಚೆನ್ನಾಗಿದ್ದರೆ ಐದು ವರ್ಷದ ಸುಮಾರಿಗೆ ಕಾರ್ಪೊರಲ್, ಹದಿಮೂರರ ಸುಮಾರಿಗೆ ಸಾರ್ಜೆಂಟ್. ಇಲ್ಲಿಯವರೆಗೆ ಕಾಲವೇ ಕೈಹಿಡಿದು ಮೇಲಕ್ಕೆ ಕರೆದೊಯ್ಯುತ್ತದೆ.

ಸಾರ್ಜೆಂಟ್ ಆದಮೇಲೆ ಹಾಗಲ್ಲ. ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್ ಎಂಬ ಮೂರು ಮೆಟ್ಟಿಲುಗಳಿಗೆ ಜಾಗ ಖಾಲಿಯಾಗಬೇಕು, ಅದೂ ಅವರದೇ ಟ್ರೇಡಿನಲ್ಲಿ. ಒಂದೇ ದಿನ ಬೆಳಗಾವಿಯಲ್ಲಿ ಸಾಲಾಗಿ ನಿಂತಿದ್ದ ಇಬ್ಬರು ಬೇರೆ ಬೇರೆ ಟ್ರೇಡಿನವರಾದರೆ ಒಬ್ಬ ಮೊದಲೇ ಆಗಬಹುದು, ಇನ್ನೊಬ್ಬ ವರ್ಷಗಟ್ಟಲೆ ಕಾಯಬಹುದು. ಪ್ರತಿ ವರ್ಷ ಮೇಲಿನವರು ಬರೆಯುವ ವರದಿ, ಮೆಡಿಕಲ್ ಕೆಟಗರಿ, ಶಿಸ್ತಿನ ದಾಖಲೆ ಎಲ್ಲವೂ ಆಗ ಲೆಕ್ಕಕ್ಕೆ ಬರುತ್ತವೆ. ಸೈನ್ಯದಲ್ಲಿ ಇದೇ ಮೆಟ್ಟಿಲಿಗೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎನ್ನುತ್ತಾರೆ. ನೌಕಾಪಡೆಯಲ್ಲಿ ಚೀಫ್ ಪೆಟಿ ಆಫೀಸರ್, ಅದರ ಮೇಲೆ ಮಾಸ್ಟರ್ ಚೀಫ್ ಪೆಟಿ ಆಫೀಸರ್‌ನ ಎರಡು ದರ್ಜೆಗಳು. ಮೂರೂ ಪಡೆಗಳಲ್ಲಿ ಸಾಮಾನ್ಯ ಯೋಧನಾಗಿ ಸೇರಿದವನು ಕಸುಬಿನಿಂದಲೇ ಏರಬಹುದಾದ ಎತ್ತರ ಇದು. ಈ ಎತ್ತರ ಮುಟ್ಟಿದವರಲ್ಲಿ ಕೆಲವರಿಗೆ ನಿವೃತ್ತಿಯ ಹೊತ್ತಿಗೆ ಜನವರಿ 26 ಅಥವಾ ಆಗಸ್ಟ್ 15ರ ಪಟ್ಟಿಯಲ್ಲಿ ಗೌರವ ಫ್ಲೈಯಿಂಗ್ ಆಫೀಸರ್, ಗೌರವ ಫ್ಲೈಟ್ ಲೆಫ್ಟಿನೆಂಟ್ ಪದವಿಯೂ ಬರುತ್ತದೆ.

ಅವರ ಆಸೆಯ ಬೇರು ಎಲ್ಲಿದೆ ನೋಡಿ. ವಿಮಾನ ಹಾರುವ ಮುಂಚೆ ಫಾರ್ಮ್ 700 ಎಂಬ ದಾಖಲೆಯಲ್ಲಿ ಪ್ರತಿ ಟ್ರೇಡಿನವನೂ ತಾನು ನೋಡಿದ ಭಾಗ ಸರಿಯಿದೆ ಎಂದು ಸಹಿ ಹಾಕಬೇಕು. ಎಂಜಿನ್ನಿನವನದು ಒಂದು, ವಿದ್ಯುತ್ತಿನವನದು ಒಂದು, ಶಸ್ತ್ರಾಸ್ತ್ರದವನದು ಒಂದು. ಎಲ್ಲ ಸಹಿಗಳನ್ನೂ ಓದಿ ಕೊನೆಗೆ ಪೈಲಟ್ ತನ್ನ ಸಹಿ ಹಾಕಿ ಕಾಕ್‌ಪಿಟ್ ಹತ್ತುತ್ತಾನೆ. ಇಷ್ಟು ವರ್ಷ ನಿಮ್ಮ ಯಜಮಾನರು ಅಂಥ ಸಹಿ ಹಾಕುತ್ತಾ ಬಂದಿದ್ದಾರೆ. ವಾರಂಟ್ ಆಫೀಸರ್ ಆದವನ ಜವಾಬ್ದಾರಿ ಅದಕ್ಕಿಂತ ಒಂದು ಕೈ ಮೇಲು. ಯಾವ ಹುಡುಗ ಯಾವ ಕೆಲಸಕ್ಕೆ, ಯಾರು ರಾತ್ರಿ ಪಾಳಿ ಮುಗಿಸಿ ದಣಿದಿದ್ದಾನೆ, ಹೊಸದಾಗಿ ಬಂದವನಿಗೆ ಯಾವುದನ್ನು ಇನ್ನೂ ಒಂಟಿಯಾಗಿ ಬಿಡಬಾರದು, ಈ ವಿಮಾನ ಇವತ್ತು ಹಾರದಿದ್ದರೇ ಒಳ್ಳೆಯದು ಎಂದು ಅಧಿಕಾರಿಯ ಮುಂದೆ ನಿಂತು ಹೇಳುವುದು ಯಾವಾಗ, ಇದೆಲ್ಲ ಅವನ ಪಾಲಿನದು. ಕಲಿತದ್ದನ್ನು ಇನ್ನೊಬ್ಬರ ಕೈಗೆ ದಾಟಿಸುವ ಹುದ್ದೆ ಅದು. ಹತ್ತೊಂಬತ್ತು ವರ್ಷ ದುಡಿದು ಅದರ ಬಾಗಿಲಿನಿಂದ ವಾಪಸು ಬನ್ನಿ ಎಂದರೆ ಯಾರಿಗಾದರೂ ಗಂಟಲು ಕಟ್ಟುತ್ತದೆ. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಯಿತೆಂದು ದಯವಿಟ್ಟು ಅಂದುಕೊಳ್ಳಬೇಡಿ.

ಇನ್ನು ದುಡ್ಡು. 7ನೇ ವೇತನ ಆಯೋಗದ ಪ್ರಕಾರ ಸಾರ್ಜೆಂಟ್ ಹುದ್ದೆಯ ಮೂಲ ವೇತನ 29,200 ರೂಪಾಯಿಯಿಂದ ಶುರುವಾದರೆ ಜೂನಿಯರ್ ವಾರಂಟ್ ಆಫೀಸರ್‌ಗೆ 35,400, ವಾರಂಟ್ ಆಫೀಸರ್‌ಗೆ 44,900, ಮಾಸ್ಟರ್ ವಾರಂಟ್ ಆಫೀಸರ್‌ಗೆ 47,600. ಇವೆಲ್ಲ ಆರಂಭದ ಅಂಕಿಗಳು. ವರ್ಷವರ್ಷದ ಇನ್‌ಕ್ರಿಮೆಂಟ್ ಸೇರಿ ನಿಮ್ಮವರು ಈಗಾಗಲೇ ಮುಂದೆ ಇರುತ್ತಾರೆ. ಎಲ್ಲರಿಗೂ ತಿಂಗಳಿಗೆ 5,200 ಮಿಲಿಟರಿ ಸೇವಾ ವೇತನ ಬೇರೆ. ಬಡ್ತಿ ಸಿಗದೆ ಕೂತವರಿಗೂ 8, 16, 24 ವರ್ಷಕ್ಕೆ ಎಂಎಸಿಪಿ ಎಂದು ಮೇಲಿನ ಹಂತದ ವೇತನ ಕೊಡುವ ಏರ್ಪಾಡಿದೆ. ಅದರಲ್ಲಿ ಹಣ ಬರುತ್ತದೆ, ದರ್ಜೆ ಬರುವುದಿಲ್ಲ. ಹಾಗಾಗಿ ಬರೀ ಸಂಬಳಕ್ಕಾಗಿ ವಾರಂಟ್ ಆಫೀಸರ್ ಆಗುತ್ತೇನೆ ಎನ್ನುವ ಲೆಕ್ಕ ಅಷ್ಟು ಗಟ್ಟಿಯಲ್ಲ. ಗಟ್ಟಿಯಾಗಿರುವುದು ಬೇರೆ: ಎಷ್ಟು ವರ್ಷ ದುಡಿಯಬಹುದು ಎನ್ನುವುದು. ಮೊದಲ ಕರಾರು 20 ವರ್ಷ. ಆಮೇಲೆ ಹಂತ ಹಂತವಾಗಿ ವಿಸ್ತರಿಸುತ್ತಾ, ಆರೋಗ್ಯವೂ ಪಡೆಯ ಅಗತ್ಯವೂ ಒದಗಿಬಂದರೆ 57ರ ವಯಸ್ಸಿನವರೆಗೂ ಇರಬಹುದು.

ಇಪ್ಪತ್ತಕ್ಕೆ ಬಂದರೆ ಏನು ಸಿಗುತ್ತದೆ? 15 ವರ್ಷ ದಾಟಿದ್ದರಿಂದ ಪಿಂಚಣಿ ಖಚಿತ. ಕೊನೆಯ ಮೂಲ ವೇತನಕ್ಕೆ ಆ 5,200 ಸೇರಿಸಿ ಅರ್ಧ ಮಾಡಿ. ಮೂಲ ವೇತನ 40,000 ಇದೆ ಎಂದಿಟ್ಟುಕೊಂಡರೆ 45,200ರ ಅರ್ಧ, ಅಂದರೆ 22,600, ಅದರ ಮೇಲೆ ತುಟ್ಟಿಭತ್ಯೆ. ಇಸಿಎಚ್‌ಎಸ್ ಆರೋಗ್ಯ ಕಾರ್ಡು, ಕ್ಯಾಂಟೀನ್ ಕಾರ್ಡು ಎರಡೂ ಉಂಟು. ಸರ್ಕಾರಿ ಬ್ಯಾಂಕುಗಳ ಕ್ಲರ್ಕ್ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ನೂರಕ್ಕೆ 14.5ರಷ್ಟು ಮೀಸಲು. ವಯಸ್ಸಿನ ಮಿತಿ 28 ಆದರೂ, ಮಾಜಿ ಸೈನಿಕರಿಗೆ ಸೇವೆ ಮಾಡಿದಷ್ಟು ವರ್ಷ, ಅದರ ಮೇಲೆ 3 ವರ್ಷ ರಿಯಾಯಿತಿ, ಆದರೆ 50 ಮೀರಬಾರದು. ಮಾಲೂರು ಕಡೆಯವರು ಹೋಗಿದ್ದು ಈ ದಾರಿಯಲ್ಲೇ. ಆದರೆ ಅದಕ್ಕೂ ಪರೀಕ್ಷೆ ಇದೆ. ಇಪ್ಪತ್ತು ವರ್ಷ ಎಂಜಿನ್ ಜೊತೆಗಿದ್ದವರು ರೀಸನಿಂಗು, ಕ್ವಾಂಟು ಎಂದು ಮತ್ತೆ ಪುಸ್ತಕ ಹಿಡಿಯಬೇಕು. ಹಿಡಿದರೆ ಖಂಡಿತ ಆಗುತ್ತದೆ, ತಾನಾಗಿಯೇ ಆಗುವುದಿಲ್ಲ.

ನಾನು ಮುಖ್ಯವಾಗಿ ಹೇಳಬೇಕಾಗಿರುವ ಮಾತಿಗೆ ಈಗ ಬಂದೆ. ಬೇಗ ಬಂದು ಎರಡನೇ ಕೆಲಸ ಹಿಡಿಯುವುದು ಒಂದು ಒಳ್ಳೆಯ ದಾರಿ. ಉಳಿದುಕೊಂಡು ವಾರಂಟ್ ಆಫೀಸರ್‌ವರೆಗೆ, ಸಾಧ್ಯವಾದರೆ ಅದಕ್ಕೂ ಮೇಲಕ್ಕೆ ಹೋಗುವುದು ಇನ್ನೊಂದು ಒಳ್ಳೆಯ ದಾರಿ. ಕೆಟ್ಟದ್ದು ಇವೆರಡರ ಮಧ್ಯದ್ದು. ಹೇಗೂ ಇರಲಿ ಎಂದು ಸೈನ್ ಮಾಡಿ, ಜೂನಿಯರ್ ವಾರಂಟ್ ಆಫೀಸರ್ ಪಟ್ಟಿಯಲ್ಲಿ ಹೆಸರು ಬರದೆ, ಮನೆಯ ಒತ್ತಡಕ್ಕೆ ಎರಡು ಮೂರು ವರ್ಷದಲ್ಲಿ ಬಿಡುಗಡೆ ಕೇಳಿ ಬರುವುದಿದೆಯಲ್ಲ, ಅದರಲ್ಲಿ ದರ್ಜೆಯೂ ಇಲ್ಲ, ಎರಡನೇ ಕೆಲಸಕ್ಕೆ ಬೇಕಾದ ವಯಸ್ಸೂ ಸವೆದಿರುತ್ತದೆ.

ಅಷ್ಟೇ ಅಲ್ಲ. ಒಂದು ದರ್ಜೆ ಒಂದು ಪಿಂಚಣಿಯ ವಿಷಯವೂ ಇಲ್ಲಿ ಸಿಕ್ಕಿಕೊಳ್ಳುತ್ತದೆ. 2014ರ ಜುಲೈ 1ರಿಂದ ಜಾರಿಗೆ ಬಂದ ಈ ಏರ್ಪಾಡಿನಲ್ಲಿ ಅದೇ ದರ್ಜೆಯಲ್ಲಿ, ಅಷ್ಟೇ ವರ್ಷ ದುಡಿದು ನಿವೃತ್ತರಾದವರ ಪಿಂಚಣಿಯನ್ನು ಐದು ವರ್ಷಕ್ಕೊಮ್ಮೆ ಸರಿದೂಗಿಸುತ್ತಾರೆ. 2019ರಲ್ಲೂ 2024ರಲ್ಲೂ ಹಾಗೆ ಪರಿಷ್ಕರಣೆಯಾಯಿತು. ಅಂದರೆ ಯಾವ ದರ್ಜೆಯಲ್ಲಿ ಮನೆಗೆ ಬರುತ್ತಾರೋ ಅದು ಬದುಕಿರುವವರೆಗೂ ಜೊತೆಗಿರುತ್ತದೆ. ಆದರೆ 2015ರ ನವೆಂಬರ್ 7ರ ಸರ್ಕಾರಿ ಆದೇಶ ಇನ್ನೊಂದು ಮಾತನ್ನೂ ಸೇರಿಸಿತು: ಇನ್ನು ಮುಂದೆ ತಾವಾಗಿ ಕೇಳಿಕೊಂಡು ಅವಧಿಗೆ ಮುಂಚೆ ಬಿಡುಗಡೆ ಪಡೆಯುವವರಿಗೆ ಈ ಸೌಲಭ್ಯ ಇಲ್ಲ. ಇದರ ಮೇಲೆ ವ್ಯಾಜ್ಯಗಳು ನಡೆದಿವೆ. ಅವುಗಳ ಫಲ ನಂಬಿ ಕೂರುವುದು ಬೇಡ. 20 ವರ್ಷದ ಕರಾರು ಪೂರ್ತಿ ಮಾಡಿ ಬರುವುದು ಅವಧಿ ಮುಗಿಸಿ ಬಂದಂತೆ. ಸೈನ್ ಮಾಡಿದ ಮೇಲೆ ನಡುವೆ ಬಿಡುವುದು ಹಾಗಲ್ಲ. ನೀವು ಫೋನಿನಲ್ಲಿ ಅತ್ತು ಅವರು ಅಲ್ಲಿ ಅರ್ಜಿ ಬರೆಯುವ ಪರಿಸ್ಥಿತಿ ಬರಲೇಬಾರದು ಎಂದು ನಾನು ಇಷ್ಟು ಒತ್ತಿ ಹೇಳುತ್ತಿರುವುದು ಅದಕ್ಕೇ.

ಹಾಗಾದರೆ ಅವರನ್ನು ಏನು ಕೇಳಬೇಕು? ಬರುತ್ತೀರೋ ಇಲ್ಲವೋ ಎಂದು ಕೇಳಬೇಡಿ. ನಿಮ್ಮ ಟ್ರೇಡಿನಲ್ಲಿ ಈಗ ಜೂನಿಯರ್ ವಾರಂಟ್ ಆಫೀಸರ್ ಆಗುತ್ತಿರುವವರು ಯಾವ ವರ್ಷ ಸೇರಿದವರು ಎಂದು ಕೇಳಿ. ಯಜಮಾನರಿಗಿಂತ ಒಂದೆರಡು ವರ್ಷ ಮುಂಚಿನವರಿಗೆ ಆಗುತ್ತಿದ್ದರೆ ಸರದಿ ಹತ್ತಿರವಿದೆ. ನಾಲ್ಕೈದು ವರ್ಷ ಮುಂಚಿನವರೇ ಇನ್ನೂ ಕಾಯುತ್ತಿದ್ದರೆ ಆಸೆ ಬೇರೆ, ಲೆಕ್ಕ ಬೇರೆ. ಮೆಡಿಕಲ್ ಕೆಟಗರಿಯಲ್ಲಿ ಏನಾದರೂ ಇಳಿದಿದೆಯೇ ಎಂದು ಕೇಳಿ. ಬಿಪಿ, ಶುಗರ್ ಬಂದಿರುವುದನ್ನು ಮನೆಯಲ್ಲಿ ಹೇಳದ ಗಂಡಸರು ಬೇಕಾದಷ್ಟಿದ್ದಾರೆ, ತಾಯಿಗೆ ಶುಗರ್ ಇದ್ದ ಮೇಲೆ ಈ ಪ್ರಶ್ನೆ ಬೇಕೇ ಬೇಕು. ಉಳಿಯುವ ಅಥವಾ ಬಿಡುವ ಮನಸ್ಸನ್ನು ಬರೆದುಕೊಡಲು ಕೊನೆಯ ದಿನ ಯಾವುದು? ಅವಧಿ ಮುಗಿಯುವ ಬಹಳ ಮುಂಚೆಯೇ ಅದನ್ನು ಕೊಡಬೇಕಾಗುತ್ತದೆ, ಕೊಟ್ಟ ಮೇಲೆ ಬದಲಾಯಿಸುವುದು ಸುಲಭವಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಸರದಿ ಹತ್ತಿರವಿದ್ದು, ಆರೋಗ್ಯ ಸರಿಯಿದ್ದರೆ ಅವರು ಸೈನ್ ಮಾಡಲಿ. ಕನಿಷ್ಠ ವಾರಂಟ್ ಆಫೀಸರ್ ಆಗುವವರೆಗೆ ಎಂದು ಇಬ್ಬರೂ ಮನಸ್ಸು ಗಟ್ಟಿಮಾಡಿಕೊಳ್ಳಿ. ಆದರೆ ಈಗಿನ ಹಾಗೇ ನೀವೊಬ್ಬರೇ ಇಲ್ಲಿ, ಅವರೊಬ್ಬರೇ ಅಲ್ಲಿ ಎಂಬ ಏರ್ಪಾಡು ಮುಂದುವರಿಯಬಾರದು. ಮಗಳ ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಹೀಗಿರಲಿ. ಅಷ್ಟರಲ್ಲಿ ಅವರು ಬೆಂಗಳೂರಿನ ಕಡೆಗೆ ಪೋಸ್ಟಿಂಗ್ ಕೇಳಲಿ. ಯಲಹಂಕ, ಜಾಲಹಳ್ಳಿ, ಹೆಬ್ಬಾಳದ ತರಬೇತಿ ಕಮಾಂಡ್ ಕೇಂದ್ರ ಎಂದು ಇಲ್ಲಿ ಜಾಗಗಳಿವೆ. ವಯಸ್ಸಾದ ತಾಯಿಯ ಕಾರಣಕ್ಕೆ ಅನುಕಂಪದ ನೆಲೆಯಲ್ಲೂ ಅರ್ಜಿ ಹಾಕಬಹುದು. ಸಿಕ್ಕೇ ಸಿಗುತ್ತದೆಂದು ಯಾರೂ ಮಾತು ಕೊಡುವುದಿಲ್ಲ. ಸಿಗದಿದ್ದರೆ ಅತ್ತೆಯನ್ನೂ ಕರೆದುಕೊಂಡು ಅವರಿರುವಲ್ಲಿಗೆ ಹೋಗಿ, ವಾಯುನೆಲೆಗಳ ಹತ್ತಿರ ಸಾಮಾನ್ಯವಾಗಿ ಕೇಂದ್ರೀಯ ವಿದ್ಯಾಲಯ ಇರುತ್ತದೆ. ಅತ್ತೆ ಊರು ಬಿಡಲು ಒಪ್ಪದೆ, ಸರದಿಯೂ ದೂರವಿದ್ದರೆ ಮಾತ್ರ ಇಪ್ಪತ್ತಕ್ಕೆ ಬರುವುದೇ ಸರಿ. ಆಗ ಅವರು ಬ್ಯಾಂಕ್ ಪರೀಕ್ಷೆಯ ಓದನ್ನು ಈ ತಿಂಗಳಿನಿಂದಲೇ ಶುರುಮಾಡಲಿ, ಸರ್ವಿಸ್‌ನ ಕೊನೆಯ ವರ್ಷದಲ್ಲಿ ಅಲ್ಲಿಂದಲೇ ಅರ್ಜಿ ಹಾಕಲು ಬರುತ್ತದೆ. ಬೆಂಗಳೂರಿನಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಗೆ ರಜೆಯಲ್ಲೊಮ್ಮೆ ಹೋಗಿ ವಿಚಾರಿಸಿದರೂ ಒಳ್ಳೆಯದು.

ಅತ್ತೆಯ ಕಣ್ಣಿನ ಪೊರೆಗೆ ಯಾವ ತೀರ್ಮಾನಕ್ಕೂ ಕಾಯಬೇಡಿ. ಅವರು ಮಗನ ಅವಲಂಬಿತರೆಂದು ವಾಯುಪಡೆಯ ದಾಖಲೆಯಲ್ಲಿ ಸೇರಿದ್ದರೆ ಹಳೆ ಏರ್‌ಪೋರ್ಟ್ ರಸ್ತೆಯ ಕಮಾಂಡ್ ಹಾಸ್ಪಿಟಲ್‌ನಲ್ಲಿ ತೋರಿಸಬಹುದು. ಸೇರಿಲ್ಲವಾದರೆ ಪಿಒಆರ್ ಮಾಡಿಸಿ ಎಂದು ಯಜಮಾನರಿಗೆ ಹೇಳಿ, ಅವರಿಗೆ ಅರ್ಥವಾಗುತ್ತದೆ.

ಮೈದುನನ ಮಗನಿಗೆ ದೊಡ್ಡಪ್ಪನ ದಾರಿ ಹಾಗೆಯೇ ಉಳಿದಿಲ್ಲ ಎಂದು ತಿಳಿಸಬೇಕು. 2022ರ ಜೂನ್‌ನಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಈಗ ಸೇರುವುದು ಅಗ್ನಿವೀರವಾಯು ಆಗಿ, ನಾಲ್ಕು ವರ್ಷಕ್ಕೆ. ಮೊದಲ ವರ್ಷ ತಿಂಗಳಿಗೆ 30,000, ಅದರಲ್ಲಿ ನೂರಕ್ಕೆ 30ರಷ್ಟು ನಿಧಿಗೆ ಹೋಗುತ್ತದೆ. ನಾಲ್ಕು ವರ್ಷದ ಕೊನೆಗೆ ಸರ್ಕಾರದ ಪಾಲೂ ಸೇರಿ 10 ಲಕ್ಷ ಚಿಲ್ಲರೆ ಸೇವಾ ನಿಧಿ, ಅದಕ್ಕೆ ಬಡ್ಡಿ. ಪಿಂಚಣಿ ಇಲ್ಲ. ಒಂದು ತಂಡದಲ್ಲಿ ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಕಾಯಂ ಮಾಡಿಕೊಳ್ಳುತ್ತಾರೆ, ಅವರು ಮತ್ತೆ ಕನಿಷ್ಠ 15 ವರ್ಷ ದುಡಿಯಬೇಕು. ಅವರಲ್ಲೇ ನಾಳೆಯ ವಾರಂಟ್ ಆಫೀಸರ್‌ಗಳು ಹುಟ್ಟುವುದು. ಹುಡುಗ ಹೋಗಲಿ, ತಡೆಯಬೇಡಿ. ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ, ಇಂಗ್ಲಿಷ್ ಇರಲಿ, ಇಂಗ್ಲಿಷ್‌ನಲ್ಲೂ ನೂರಕ್ಕೆ 50 ಬರಲಿ. ಡಿಪ್ಲೊಮಾ ಮಾಡಿಕೊಂಡರೆ ಇನ್ನೂ ವಾಸಿ, ಕಾಯಂ ಆಗದೆ ವಾಪಸು ಬಂದರೂ ಕೈಯಲ್ಲೊಂದು ಕಾಗದ ಇರುತ್ತದೆ. ನಿಮ್ಮ ಮಗಳಿಗೂ ಈ ಬಾಗಿಲು ತೆರೆದಿದೆ. 2023ರ ಡಿಸೆಂಬರ್‌ನಲ್ಲಿ ಬೆಳಗಾವಿಯಿಂದ 153 ಹೆಣ್ಣುಮಕ್ಕಳ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಅವಳಿಗೆ ಹೇಳಿ ನೋಡಿ.

ಜಮೀನಿನ ವಿಷಯಕ್ಕೂ ಸರ್ವಿಸ್ ಬಿಡುವುದಕ್ಕೂ ಗಂಟು ಹಾಕಬೇಡಿ. ಮಾವನ ಹೆಸರಿನಲ್ಲೇ ಪಹಣಿ ಇರುವುದರಿಂದ ಯಾರು ಯಾರಿಗೆ ಎಷ್ಟು ಎಂಬುದೇ ಇನ್ನೂ ಕಾಗದದ ಮೇಲೆ ಬಂದಿಲ್ಲ. ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ ಅರ್ಜಿ ಕೊಡಿ. ಅತ್ತೆ, ಯಜಮಾನರು, ಮೈದುನ, ನಾದಿನಿಯರಿದ್ದರೆ ಅವರು, ಎಲ್ಲರ ಹೆಸರೂ ಅದರಲ್ಲಿ ಬರಲೇಬೇಕು. ಯಜಮಾನರಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ ಇದೆ. ಮುಂದಿನ ರಜೆಯನ್ನು ಮದುವೆ ಮುಂಜಿಗೆ ಹಂಚದೆ ಈ ಕೆಲಸಕ್ಕೆ ಇಡಲಿ. ಅಷ್ಟರೊಳಗೆ ಯಾರಾದರೂ ಕೋರ್ಟಿಗೆ ಹೋದರೆ, ಡ್ಯೂಟಿಯಲ್ಲಿದ್ದು ಹಾಜರಾಗಲಾಗದ ಯೋಧರಿಗೆ ಕೆಲವು ಸಂದರ್ಭಗಳಲ್ಲಿ ರಕ್ಷಣೆ ಕೊಡುವ 1925ರ ಕಾಯ್ದೆಯೊಂದಿದೆ, ವಕೀಲರಿಗೆ ನೆನಪಿಸಿ. ಒತ್ತಡ ಹೆಚ್ಚಾದರೆ ಯಜಮಾನರು ತಮ್ಮ ಕಮಾಂಡಿಂಗ್ ಆಫೀಸರ್ ಮೂಲಕ ನಮ್ಮ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು. ಜಿಲ್ಲಾ ಸೈನಿಕ ಮಂಡಳಿಗೆ ಅಧ್ಯಕ್ಷರು ಜಿಲ್ಲಾಧಿಕಾರಿಯೇ. ಮೈದುನನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅವನ ಪಾಲಿಗೆ ಅವನು ಹಕ್ಕುದಾರ, ಅವನಿಗೂ ಅವನ ಕಷ್ಟಗಳಿರುತ್ತವೆ. ಆದರೆ ಖಾತೆ ಆಗಿ, ಯಜಮಾನರು ಎದುರಿಗೆ ಕೂತು ಓದುವವರೆಗೆ ಅಗ್ರಿಮೆಂಟು, ಜಿಪಿಎ, ಒಪ್ಪಿಗೆ ಪತ್ರ ಎಂದು ಯಾರು ಏನೇ ತಂದರೂ ನೀವು ಸಹಿ ಹಾಕಬೇಡಿ, ಅತ್ತೆಯ ಹೆಬ್ಬೆಟ್ಟೂ ಒತ್ತಿಸಬೇಡಿ.